ಪಿಕಪ್‌ಗೆ ಲೆವೆಲಿಂಗ್ ಕಿಟ್ ಸಾಕಾ, ಲಿಫ್ಟೇ ಬೇಕಾ?

ಅಮೆರಿಕದ ಯಾವುದಾದರೂ ಶೋರೂಮಿನ ಅಂಗಳದಲ್ಲಿ ನಿಂತ ಹೊಸ ಪಿಕಪ್ ಒಂದನ್ನು ಪಕ್ಕದಿಂದ ನೋಡಿ. ಹಿಂಭಾಗ ಎತ್ತರ, ಮುಂಭಾಗ ತಗ್ಗು. ಫೋರ್ಡ್ ಎಫ್-150 ಆಗಲಿ, ಶೆವರ್ಲೆ ಸಿಲ್ವರಾಡೊ ಆಗಲಿ, ಟೊಯೊಟಾ ಟಕೋಮಾ ಆಗಲಿ, ಹೆಚ್ಚುಕಮ್ಮಿ ಒಂದೂವರೆಯಿಂದ ಎರಡೂವರೆ ಇಂಚು ವ್ಯತ್ಯಾಸ ಇರುತ್ತದೆ. ಅಲ್ಲಿಯವರು ಇದಕ್ಕೆ ‘ರೇಕ್’ ಅಂತಾರೆ. ಕಂಪನಿಯವರು ಬೇಕೆಂತಲೇ ಹೀಗೆ ಮಾಡಿರುತ್ತಾರೆ. ಪಿಕಪ್ ಇರುವುದೇ ಸಾಮಾನು ಹೊರೋಕೆ. ಹಿಂದೆ ನಾಲ್ಕೈದು ನೂರು ಕಿಲೋ ಹೇರಿದರೆ, ಇಲ್ಲವೇ ಟ್ರೇಲರ್ ಕಟ್ಟಿದರೆ, ಹಿಂದಿನ ಸ್ಪ್ರಿಂಗ್ ತಗ್ಗಿ ಗಾಡಿ ಸಮಕ್ಕೆ ಬರುತ್ತದೆ. ಮೊದಲೇ ಸಮವಾಗಿ ಬಿಟ್ಟಿದ್ದರೆ ಹೊರೆ ಬಿದ್ದಾಗ ಮೂತಿ ಮೇಲೆದ್ದು ಹೆಡ್‌ಲೈಟ್ ಮರದ ಕೊಂಬೆಗೆ ಹೊಡೆಯುತ್ತಿತ್ತು.

ಆದರೆ ಎಷ್ಟು ಜನ ದಿನಾ ಹೊರೆ ಹೇರುತ್ತಾರೆ? ಡಲ್ಲಾಸ್, ಆಸ್ಟಿನ್ ಕಡೆ ಪಿಕಪ್ ಇಟ್ಟುಕೊಂಡಿರುವ ನಮ್ಮವರನ್ನು ಕೇಳಿ. ವಾರದ ದಿನ ಆಫೀಸು, ಶನಿವಾರ ದಿನಸಿ ಅಂಗಡಿ, ವರ್ಷಕ್ಕೊಮ್ಮೆ ಮನೆ ಬದಲಿಸುವ ಸ್ನೇಹಿತರ ಸೋಫಾ. ಹೀಗೆ ಖಾಲಿ ಓಡಾಡುವ ಗಾಡಿಯಲ್ಲಿ ಆ ಓರೆ ಕಣ್ಣಿಗೆ ಚುಚ್ಚುತ್ತದೆ. ಅಲ್ಲಿಂದ ಶುರುವಾಗುವುದು ಗಾಡಿ ಎತ್ತರಿಸುವ ಲೆವೆಲಿಂಗ್ ಕಿಟ್, ಲಿಫ್ಟ್ ಕಿಟ್‌ಗಳ ಹುಡುಕಾಟ.

ಅಂಗಡಿಯವರು ಮೊದಲು ಕೇಳುವುದು ‘ಎಷ್ಟು ಇಂಚು ಬೇಕು’ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಟೈರ್ ಹಾಕ್ತೀರಿ, ಹಿಂದೆ ಎಷ್ಟು ಭಾರ ಎಳೀತೀರಿ, ಗಾಡಿ ಎಂಥ ರಸ್ತೆಯಲ್ಲಿ ಓಡುತ್ತೆ ಅನ್ನೋದು. ಈ ಮೂರಕ್ಕೆ ಉತ್ತರ ಸಿಕ್ಕರೆ ಇಂಚು ತಾನಾಗೇ ಗೊತ್ತಾಗುತ್ತದೆ. ಬಹಳ ಜನಕ್ಕೆ ಆ ಉತ್ತರ ಅವರು ಅಂದುಕೊಂಡಿದ್ದಕ್ಕಿಂತ ಕಮ್ಮಿಯೇ ಬರುತ್ತದೆ.

ಎರಡೂ ಕಿಟ್‌ಗಳ ವ್ಯತ್ಯಾಸ ಸರಳ. ಲೆವೆಲಿಂಗ್ ಕಿಟ್ ಮುಂಭಾಗವನ್ನು ಮಾತ್ರ ಒಂದರಿಂದ ಎರಡೂವರೆ ಇಂಚು ಎತ್ತಿ ಹಿಂಭಾಗದ ಮಟ್ಟಕ್ಕೆ ತರುತ್ತದೆ. ಲಿಫ್ಟ್ ಕಿಟ್ ನಾಲ್ಕೂ ಮೂಲೆ ಎತ್ತುತ್ತದೆ, ಎರಡು ಇಂಚಿನಿಂದ ಆರು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಬಾಡಿ ಲಿಫ್ಟ್ ಅಂತ ಮೂರನೆಯದೂ ಒಂದಿದೆ. ಅದರಲ್ಲಿ ಸಸ್ಪೆನ್ಷನ್, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಸ್ಪ್ರಿಂಗ್, ಶಾಕ್‌ಗಳ ಏರ್ಪಾಡನ್ನು ಮುಟ್ಟುವುದೇ ಇಲ್ಲ. ಗಾಡಿಯ ತಳದ ಚೌಕಟ್ಟಾದ ಚಾಸಿಗೂ ಬಾಡಿಗೂ ನಡುವೆ ಒಂದರಿಂದ ಮೂರು ಇಂಚಿನ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಮೇಲೆತ್ತುತ್ತಾರೆ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ ನಿಜ. ಆದರೆ ಬಂಪರ್, ಸ್ಟೇರಿಂಗ್ ಶಾಫ್ಟ್ ಎಲ್ಲವನ್ನೂ ಹೊಂದಿಸಬೇಕು, ಚಾಸಿಗೂ ಬಾಡಿಗೂ ನಡುವಿನ ಸಂದು ಹೊರಗೆ ಕಾಣುತ್ತದೆ. ನಾನಂತೂ ಯಾರಿಗೂ ಹೇಳುವುದಿಲ್ಲ.

ಒಂದಿಂಚಿನ ಬಿಲ್ಲೆ, ಎರಡಿಂಚಿನ ಎತ್ತರ

ಕಿಟ್ ಆರಿಸಬೇಕಾದರೆ ಮುಂದಿನ ಸಸ್ಪೆನ್ಷನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಇವತ್ತಿನ ಎಫ್-150, ಸಿಲ್ವರಾಡೊ 1500, ರಾಮ್ 1500, ಟಕೋಮಾ ಎಲ್ಲದರಲ್ಲೂ ಮುಂದಿನ ಎರಡು ಚಕ್ರ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಪ್ರತಿ ಚಕ್ರವನ್ನೂ ಎರಡು ಕಂಟ್ರೋಲ್ ಆರ್ಮ್‌ಗಳು ಹಿಡಿದಿರುತ್ತವೆ, ಮೇಲೊಂದು ಕೆಳಗೊಂದು. ಅವುಗಳ ತುದಿಯಲ್ಲಿ ಎಲ್ಲ ಕಡೆ ತಿರುಗುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್. ಕೆಳಗಿನ ಆರ್ಮ್‌ನಿಂದ ಚಾಸಿಯವರೆಗೆ ನಿಂತಿರುವುದು ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತ ಸುರುಳಿ ಸ್ಪ್ರಿಂಗ್. ಫೋರ್ ವೀಲ್ ಡ್ರೈವ್ ಆದರೆ ಎಂಜಿನ್ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ನಡುವಿನ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಸಿವಿ ಶಾಫ್ಟ್, ಅಂದರೆ ಚಕ್ರವನ್ನು ತಿರುಗಿಸುವ ಕೀಲಿನ ದಂಡ, ಬರುತ್ತದೆ.

ಗಮನಿಸಬೇಕಾದ್ದು ಒಂದು. ಸ್ಟ್ರಟ್ ಕೂತಿರುವುದು ಚಕ್ರದ ಹತ್ತಿರ ಅಲ್ಲ, ಕೆಳಗಿನ ಆರ್ಮ್‌ನ ಹೆಚ್ಚುಕಮ್ಮಿ ನಡುವೆ. ಹಾಗಾಗಿ ಸ್ಟ್ರಟ್ ಒಂದಿಂಚು ಕೆಳಗೆ ಹೋದರೆ ಆರ್ಮ್‌ನ ತುದಿಯಲ್ಲಿರುವ ಚಕ್ರ ಸುಮಾರು ಎರಡಿಂಚು ಕೆಳಗೆ ಹೋಗುತ್ತದೆ. ‘2 ಇಂಚಿನ ಕಿಟ್’ ಅಂತ ತರಿಸಿ ಡಬ್ಬಿ ತೆರೆದರೆ ಒಳಗಿರುವುದು ಒಂದಿಂಚು ದಪ್ಪದ ಬಿಲ್ಲೆ. ಮೋಸ ಹೋದೆ ಅಂತ ವಾಪಸ್ ಕಳಿಸಲು ಹೊರಟವರಿದ್ದಾರೆ. ಮೋಸ ಅಲ್ಲ, ಲೆಕ್ಕವೇ ಹಾಗೆ.

ಈ ಬಿಲ್ಲೆ, ಅಂದರೆ ಸ್ಪೇಸರ್, ಎರಡು ಥರ. ಒಂದು ಸ್ಟ್ರಟ್‌ನ ತಲೆಯ ಮೇಲೆ, ಚಾಸಿಗೂ ಸ್ಟ್ರಟ್‌ಗೂ ನಡುವೆ ಕೂರುತ್ತದೆ. ಇನ್ನೊಂದು ಸ್ಟ್ರಟ್‌ನ ಒಳಗೆ, ಸ್ಪ್ರಿಂಗ್ ಮೇಲೆ ಕೂತು ಅದನ್ನು ಒತ್ತುತ್ತದೆ. ಹೊರಗಿನಿಂದ ನೋಡಿದರೆ ಎರಡರ ಫಲವೂ ಒಂದೇ, ಗಾಡಿ ಎರಡಿಂಚು ಮೇಲೆ. ಓಡಿಸಿದಾಗ ಮಾತ್ರ ಅಜಗಜಾಂತರ.

ಸ್ಪ್ರಿಂಗ್ ಒತ್ತುವ ಸ್ಪೇಸರ್ ಹಾಕಿದ ಗಾಡಿ ತುದಿಗಾಲಲ್ಲಿ ನಿಂತ ಮನುಷ್ಯನ ಹಾಗೆ. ಎತ್ತರ ಕಾಣುತ್ತಾನೆ, ಆದರೆ ಕಾಲು ಉದ್ದ ಆಗಿಲ್ಲ. ಇನ್ನೂ ಮೇಲಕ್ಕೆ ಚಾಚಲು ಉಳಿದಿದ್ದ ಜಾಗವನ್ನೇ ಬಳಸಿಕೊಂಡಿದ್ದಾನೆ. ಶಾಕ್‌ನ ಒಟ್ಟು ಉದ್ದ ಅಷ್ಟೇ ಇದೆ. ಮೊದಲು ಚಕ್ರ ಕೆಳಕ್ಕೆ ಇಳಿಯಲು ನಾಲ್ಕಿಂಚು ಅವಕಾಶ ಇತ್ತು ಅಂದುಕೊಳ್ಳಿ. ಎರಡಿಂಚು ಎತ್ತಿದ ಮೇಲೆ ಉಳಿದದ್ದು ಎರಡೇ. ರಸ್ತೆ ಉಬ್ಬು ದಾಟಿ ಚಕ್ರ ಕೆಳಕ್ಕೆ ಬೀಳುವಾಗ ಶಾಕ್ ತನ್ನ ಕೊನೆ ಮುಟ್ಟಿ ‘ಟಕ್’ ಅಂತ ಸದ್ದು ಮಾಡುತ್ತದೆ. ಸ್ಟೇರಿಂಗ್ ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಸ್ಪ್ರಿಂಗ್ ಗಟ್ಟಿ ಆಯ್ತು ಅಂತ ಜನ ತಿಳಿಯುತ್ತಾರೆ. ಸಾಮಾನ್ಯ ಸುರುಳಿ ಸ್ಪ್ರಿಂಗಿನಲ್ಲಿ ಹಾಗೆ ಆಗಿರುವುದಿಲ್ಲ. ಇನ್ನೊಂದಿಂಚು ಒತ್ತಲು ಮೊದಲು ಎಷ್ಟು ಬಲ ಬೇಕಿತ್ತೋ ಈಗಲೂ ಅಷ್ಟೇ ಬೇಕು. ಕಡಿಮೆ ಆಗಿದ್ದು ಕೆಳಗಿಳಿಯುವ ಜಾಗ.

ತಲೆ ಮೇಲಿನ ಸ್ಪೇಸರ್‌ನಲ್ಲಿ ಈ ತೊಂದರೆ ಇಲ್ಲ. ಸ್ಟ್ರಟ್ ಇಡಿಯಾಗಿ ಕೆಳಗೆ ಸರಿದಿರುವುದರಿಂದ ಸವಾರಿ ಹೆಚ್ಚುಕಮ್ಮಿ ಮೊದಲಿನಂತೆಯೇ ಇರುತ್ತದೆ. ಬಿಚ್ಚಿ ಹಾಕುವುದೂ ಸುಲಭ, ಸ್ಪ್ರಿಂಗ್ ಮುಟ್ಟುವ ಕೆಲಸ ಇಲ್ಲ. ಆದರೆ ಈಗ ಚಕ್ರ ಕಂಪನಿಯವರು ಬಿಟ್ಟಿದ್ದಕ್ಕಿಂತ ಎರಡಿಂಚು ಹೆಚ್ಚು ಕೆಳಗೆ ಜೋಲಬಹುದು. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ ಚಕ್ರ ಪೂರ್ತಿ ಜೋತುಬಿದ್ದಾಗ ಬಗ್ಗಿ ನೋಡಿ. ಮೇಲಿನ ಆರ್ಮ್ ಕೆಳಕ್ಕಿಳಿದು ಸ್ಪ್ರಿಂಗ್‌ಗೆ ತಾಗುವಷ್ಟು ಹತ್ತಿರ ಬಂದಿರುತ್ತದೆ. ಬಾಲ್ ಜಾಯಿಂಟ್ ತನ್ನ ಕೊನೆಯ ಕೋನ ಮುಟ್ಟಿರುತ್ತದೆ. ಸಿವಿ ಶಾಫ್ಟ್‌ನ ರಬ್ಬರ್ ಬೂಟ್ ಒಂದು ಕಡೆ ಪೂರ್ತಿ ಮಡಚಿಕೊಂಡಿರುತ್ತದೆ. ದಿನಾ ಹೈವೇಯಲ್ಲಿ ಓಡುವ ಗಾಡಿಯ ಚಕ್ರ ಅಷ್ಟು ಕೆಳಗೆ ಜೋಲುವುದು ಅಪರೂಪ. ಕಲ್ಲುಬಂಡೆ ದಾರಿಯಲ್ಲಿ ಓಡಿಸುವವರಿಗೆ ಇದು ದಿನದ ಮಾತು.

ಇಬ್ಬರು ಸ್ನೇಹಿತರು ಒಂದೇ ಮಾದರಿಯ ಗಾಡಿಗೆ ‘2 ಇಂಚಿನ ಕಿಟ್’ ಹಾಕಿಸಿ, ಒಬ್ಬ ಚೆನ್ನಾಗಿದೆ, ಇನ್ನೊಬ್ಬ ಹಾಳಾಗಿದೆ ಅನ್ನುವುದು ಇದಕ್ಕೇ. ಕೊಳ್ಳುವ ಮುಂಚೆ ಇದು ತಲೆ ಮೇಲೆ ಕೂರುವುದಾ, ಸ್ಪ್ರಿಂಗ್ ಒತ್ತುವುದಾ ಅಂತ ಕೇಳಿ. ಕೆಲವು ಅಗ್ಗದ ಕಿಟ್‌ಗಳಲ್ಲಿ ಎರಡನ್ನೂ ಸೇರಿಸಿ ಮೂರು ಇಂಚು ಮಾಡಿರುತ್ತಾರೆ. ಎರಡರ ಕಷ್ಟವೂ ಒಟ್ಟಿಗೆ ಬರುತ್ತದೆ.

ಸ್ಪೇಸರ್‌ಗಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಎತ್ತರ ಹೊಂದಿಸಬಹುದಾದ ಶಾಕ್‌ಗಳು ಸಿಗುತ್ತವೆ. ಬಿಲ್‌ಸ್ಟೈನ್ 5100 ಇದರಲ್ಲಿ ಹೆಸರುವಾಸಿ. ಶಾಕ್‌ನ ಮೈಮೇಲೆ ಕೆಲವು ಗೀರುಗಳಿರುತ್ತವೆ, ಯಾವ ಗೀರಿಗೆ ಉಂಗುರ ಕೂರಿಸುತ್ತೀರೋ ಸ್ಪ್ರಿಂಗ್ ಆ ಎತ್ತರದಲ್ಲಿ ಕೂರುತ್ತದೆ. ಇದೂ ಸ್ಪ್ರಿಂಗನ್ನು ಒತ್ತಿಯೇ ಎತ್ತುವುದು, ಅದನ್ನು ಮರೆಯಬಾರದು. ಆದರೆ ಶಾಕ್ ಹೊಸದು, ಕಂಪನಿಯದಕ್ಕಿಂತ ಗಟ್ಟಿ ಹಿಡಿತದ್ದು. ಅರವತ್ತು ಎಪ್ಪತ್ತು ಸಾವಿರ ಮೈಲಿ ಓಡಿ ಶಾಕ್ ಸೋತಿರುವ ಗಾಡಿಗೆ ಇದೇ ಸರಿಯಾದ ದಾರಿ. ಸೋತ ಶಾಕ್ ಮೇಲೆ ಸ್ಪೇಸರ್ ಇಟ್ಟು ಏನು ಪ್ರಯೋಜನ? ಅದಕ್ಕೂ ಮೇಲೆ ಫಾಕ್ಸ್, ಕಿಂಗ್, ಐಕಾನ್‌ನಂಥ ಕಂಪನಿಗಳ ಕಾಯಿಲ್‌ಓವರ್‌ಗಳಿವೆ, ಅಂದರೆ ಶಾಕ್, ಸ್ಪ್ರಿಂಗ್ ಸೇರಿದ ಇಡೀ ಜೋಡಿ. ಅವುಗಳಲ್ಲಿ ಸ್ಪ್ರಿಂಗ್ ಕೂಡ ಬೇರೆ. ಮುಂದೆ ಉಕ್ಕಿನ ಬಂಪರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಹಾಕಿ ಮುಂಭಾಗದ ತೂಕ ಹೆಚ್ಚಿಸಿಕೊಂಡವರಿಗೆ ಅದಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ಸಿಗುತ್ತದೆ. ಬೆಲೆ ಸಾವಿರ ಡಾಲರ್ ದಾಟುತ್ತದೆ. ಆಫೀಸಿಗೆ ಹೋಗಿಬರುವ ಗಾಡಿಗೆ ಇದು ಸುಮ್ನೆ ಖರ್ಚು.

ಒಂದು ಎಚ್ಚರಿಕೆ. ಶೆವರ್ಲೆಯ ಟ್ರೇಲ್ ಬಾಸ್‌ನಂಥ ಮಾದರಿಗಳು ಕಾರ್ಖಾನೆಯಿಂದಲೇ ಎರಡಿಂಚು ಎತ್ತರವಾಗಿ ಬರುತ್ತವೆ. ಅದರ ಮೇಲೆ ಸಾಮಾನ್ಯ ಸಿಲ್ವರಾಡೊದ ಸ್ಪೇಸರ್ ಇಟ್ಟರೆ ಕೋನಗಳೆಲ್ಲ ಕೈಮೀರುತ್ತವೆ. ಗಾಳಿ ಸಸ್ಪೆನ್ಷನ್ ಇರುವ ರಾಮ್‌ಗೂ, ತಾನೇ ಬಿಗಿ ಬದಲಿಸಿಕೊಳ್ಳುವ ಎಲೆಕ್ಟ್ರಾನಿಕ್ ಶಾಕ್ ಇರುವ ಗಾಡಿಗಳಿಗೂ ಅವಕ್ಕೆಂದೇ ಮಾಡಿದ ಕಿಟ್ ಬೇಕು. ಅವುಗಳಲ್ಲಿ ಎತ್ತರ ಅಳೆಯುವ ಸೆನ್ಸರ್ ಇರುತ್ತದೆ.

ಎತ್ತಿದ ಮೇಲೆ ಬದಲಾಗುವುದೇನು

ಗಾಡಿ ಎತ್ತಿದ ಕೂಡಲೇ ಚಕ್ರ ನಿಂತಿರುವ ಭಂಗಿ ಬದಲಾಗುತ್ತದೆ. ಎರಡು ಚಕ್ರಗಳ ಮೂತಿ ಒಳಗೆ ಹೊರಗೆ ತಿರುಗುವುದು ಟೋ. ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು ಕ್ಯಾಂಬರ್. ಇವು ತಪ್ಪಿದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದೆ ಕಾಡುವುದು ಕ್ಯಾಸ್ಟರ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಕ್ಷ ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಆ ಓರೆಯೇ ಕ್ಯಾಸ್ಟರ್. ಸ್ಟೇರಿಂಗ್ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದು ಈ ಓರೆಯಿಂದ. ಮುಂಭಾಗ ಎತ್ತಿದಾಗ ಕ್ಯಾಸ್ಟರ್ ಕಮ್ಮಿ ಆಗುತ್ತದೆ. ಹೈವೇಯಲ್ಲಿ 70 ಮೈಲಿ ವೇಗದಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ, ಸ್ಟೇರಿಂಗನ್ನು ಪದೇ ಪದೇ ಸರಿಮಾಡುತ್ತಲೇ ಇರಬೇಕಾಗುತ್ತದೆ.

ಅದಕ್ಕೇ ವೀಲ್ ಅಲೈನ್‌ಮೆಂಟ್ ಇಲ್ಲದೆ ಯಾವ ಕಿಟ್ಟೂ ಪೂರ್ತಿ ಆಗುವುದಿಲ್ಲ. ಅಲೈನ್‌ಮೆಂಟ್ ಅಂಗಡಿಯವರು ಕೊಡುವ ಚೀಟಿಯಲ್ಲಿ ಕ್ಯಾಸ್ಟರ್ ಹಸಿರಿನಲ್ಲಿ, ಅಂದರೆ ಸರಿಯಾದ ಮಿತಿಯೊಳಗೆ, ಇದೆಯಾ ನೋಡಿ. ಎರಡಿಂಚಿನ ಮೇಲೆ ಹೋದರೆ ಎಷ್ಟೋ ಗಾಡಿಗಳಲ್ಲಿ ಕಂಪನಿಯ ಬೋಲ್ಟ್ ತಿರುಗಿಸಿ ಅಷ್ಟು ಕ್ಯಾಸ್ಟರ್ ತರಲು ಆಗುವುದೇ ಇಲ್ಲ. ಆಗ ಮೇಲಿನ ಕಂಟ್ರೋಲ್ ಆರ್ಮ್ ಬದಲಿಸಬೇಕು. ಹೊಸ ಆರ್ಮ್‌ನ ಆಕಾರವೇ ಬೇರೆ. ಸ್ಪ್ರಿಂಗ್‌ಗೆ ತಾಗುವುದಿಲ್ಲ, ಬಾಲ್ ಜಾಯಿಂಟ್ ಜಾಸ್ತಿ ಕೋನ ತಡೆಯುತ್ತದೆ, ಕ್ಯಾಸ್ಟರ್ ವಾಪಸ್ ಬರುತ್ತದೆ. ನೂರು ಡಾಲರ್ ಸ್ಪೇಸರ್ ಕೊಂಡವರು ಆರ್ಮ್‌ಗೆ ಐದಾರು ನೂರು ಡಾಲರ್ ಕೊಡುವುದು ಇಲ್ಲೇ. ಹಾಗಾಗಿ ಲೆಕ್ಕ ಹಾಕುವಾಗ ಕಿಟ್‌ನ ಬೆಲೆಯ ಜತೆ ಆರ್ಮ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿಸಿ.

ಇನ್ನೊಂದು ವಿಷಯ ಹೆಡ್‌ಲೈಟ್. ಇದನ್ನು ಮರೆಯುವವರೇ ಜಾಸ್ತಿ. ಲೆಕ್ಕ ಹಾಕಿ ನೋಡೋಣ. ನಾಲ್ಕು ಬಾಗಿಲಿನ, ಹಿಂದೆ ಐದೂವರೆ ಅಡಿ ಬೆಡ್ (ಸಾಮಾನು ಹೇರುವ ತೊಟ್ಟಿ) ಇರುವ ಎಫ್-150ಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು 145 ಇಂಚು ದೂರ. ಮುಂಭಾಗ ಮಾತ್ರ 2 ಇಂಚು ಎತ್ತಿದರೆ ಗಾಡಿ ಪೂರ್ತಿ ಆ ಲೆಕ್ಕದಲ್ಲಿ ಮೇಲ್ಮುಖ ಆಗುತ್ತದೆ. 25 ಅಡಿ ದೂರದ ಗೋಡೆಯ ಮೇಲೆ ಬೆಳಕು ಮೊದಲಿಗಿಂತ ಸುಮಾರು 6 ಇಂಚು ಮೇಲೆ ಬೀಳುತ್ತದೆ. ದೀಪವೇ ಮೇಲೆದ್ದ 2 ಇಂಚು, ಓರೆಯಿಂದ ಬಂದ 4 ಇಂಚು. 100 ಅಡಿಗೆ ಅದು ಮೊದಲಿಗಿಂತ ಒಂದೂವರೆ ಅಡಿ ಮೇಲೆ. ಎದುರಿನ ಸಣ್ಣ ಕಾರಿನ ಡ್ರೈವರ್‌ನ ಕಣ್ಣು ಇರುವುದು ಅಲ್ಲೇ, ಅಲ್ವಾ? ಕಿಟ್ ಹಾಕುವ ಹಿಂದಿನ ರಾತ್ರಿ ಸಮ ನೆಲದಲ್ಲಿ ಗೋಡೆಗೆ 25 ಅಡಿ ದೂರ ಗಾಡಿ ನಿಲ್ಲಿಸಿ. ಬೆಳಕಿನ ಮೇಲಂಚಿಗೆ ಟೇಪ್ ಅಂಟಿಸಿ. ಕಿಟ್ ಹಾಕಿದ ಮೇಲೆ ಅದೇ ಜಾಗಕ್ಕೆ ಬಂದು, ಆ ಟೇಪ್‌ಗಿಂತ ದೀಪ ಮೇಲೆದ್ದ 2 ಇಂಚಿನಷ್ಟೇ ಮೇಲೆ ಬೆಳಕು ಬೀಳುವ ಹಾಗೆ ಸ್ಕ್ರೂ ತಿರುಗಿಸಿ. ಹತ್ತು ನಿಮಿಷದ ಕೆಲಸ.

ಈಗಿನ ಗಾಡಿಗಳಲ್ಲಿ ಗಾಜಿನ ಹಿಂದೆ ಕ್ಯಾಮೆರಾ, ಗ್ರಿಲ್ ಹಿಂದೆ ರಾಡಾರ್ ಇರುತ್ತದೆ. ತಾನಾಗೇ ಬ್ರೇಕ್ ಹಾಕುವುದು, ಲೇನ್ ಹಿಡಿದು ಓಡುವುದು ಇವುಗಳ ಕೆಲಸ. ಅವೂ ಮೇಲ್ಮುಖ ಆಗುತ್ತವೆ. ಕಿಟ್ ಹಾಕುವ ಅಂಗಡಿಯವರಿಗೆ ಅದನ್ನು ಮತ್ತೆ ಹೊಂದಿಸಲು ಬರುತ್ತಾ ಅಂತ ಕೇಳಲೇಬೇಕು. ‘ಅದೇನೂ ಆಗಲ್ಲ ಬಿಡಿ’ ಅಂದರೆ ಬೇರೆ ಅಂಗಡಿ ನೋಡಿ.

ಆರು ಇಂಚು ಎತ್ತಿದರೆ ನೆಲದಿಂದ ಎಷ್ಟು ದೂರ?

ಲಿಫ್ಟ್ ಕಿಟ್ ಬಗ್ಗೆ ಬಹಳ ಜನ ತಿಳಿದಿರುವುದು ತಪ್ಪು. ಆರು ಇಂಚು ಎತ್ತಿದರೆ ಗಾಡಿಯ ಹೊಟ್ಟೆ ಕಲ್ಲಿನಿಂದ ಆರು ಇಂಚು ಮೇಲೆ ಹೋಗುತ್ತದೆ ಅಂತ. ಚಾಸಿ ಮಟ್ಟಿಗೆ ಅದು ನಿಜ. ಆದರೆ ಕಲ್ಲಿಗೆ ಮೊದಲು ಬಡಿಯುವುದು ಚಾಸಿ ಅಲ್ಲವಲ್ಲ.

ಹಿಂಭಾಗ ನೋಡಿ. ಅಲ್ಲಿ ಇಡೀ ಆಕ್ಸಲ್ ಒಂದೇ ಗಟ್ಟಿ ಕೊಳವೆ, ನಡುವೆ ಡಿಫರೆನ್ಷಿಯಲ್‌ನ ಗುಂಡು. ಅದು ಚಕ್ರಕ್ಕೆ ನೇರ ಸೇರಿಕೊಂಡಿದೆ. ಸ್ಪ್ರಿಂಗ್ ಕೆಳಗೆ ಎಷ್ಟೇ ಎತ್ತರದ ಬ್ಲಾಕ್ ಇಡಿ, ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರ್ ಒಂದೇ, ಅದೂ ವ್ಯಾಸದಲ್ಲಿ ಹೆಚ್ಚಾದದ್ದರ ಅರ್ಧದಷ್ಟು ಮಾತ್ರ.

ಮುಂಭಾಗದಲ್ಲೂ ಒಂದು ಗುಟ್ಟಿದೆ. ಎರಡೂವರೆ ಇಂಚು ದಾಟಿದ ಮೇಲೆ ಸಿವಿ ಶಾಫ್ಟ್ ಅಷ್ಟು ಕೋನದಲ್ಲಿ ಬಹಳ ದಿನ ಬಾಳುವುದಿಲ್ಲ. ಅದಕ್ಕೆ ನಾಲ್ಕು, ಆರು ಇಂಚಿನ ಕಿಟ್‌ಗಳಲ್ಲಿ ಬೇರೆ ಉಪಾಯ ಮಾಡುತ್ತಾರೆ. ಕೆಳಗಿನ ಆರ್ಮ್‌ಗಳು ಕೂರುವ ಅಡ್ಡಪಟ್ಟಿಯನ್ನೇ ಕೆಳಕ್ಕೆ ಇಳಿಸುತ್ತಾರೆ, ಡಿಫರೆನ್ಷಿಯಲ್ಲನ್ನೂ ಇಳಿಸುತ್ತಾರೆ, ಚಕ್ರ ಹಿಡಿಯುವ, ಇಂಗ್ಲಿಷಿನಲ್ಲಿ ‘ನಕಲ್’ ಅನ್ನುವ ಭಾಗವನ್ನು ಉದ್ದದ್ದು ಹಾಕುತ್ತಾರೆ. ಕೋನಗಳೆಲ್ಲ ಮೊದಲಿನಂತೆ ಆಗುತ್ತವೆ. ಒಳ್ಳೆಯ ಉಪಾಯ. ಆದರೆ ಏನಾಯಿತು ನೋಡಿ: ಚಾಸಿ ಆರಿಂಚು ಮೇಲೆ ಹೋಯಿತು, ಅಡ್ಡಪಟ್ಟಿ ಚಾಸಿಯಿಂದ ಹೆಚ್ಚುಕಮ್ಮಿ ಅಷ್ಟೇ ಕೆಳಗೆ ಬಂತು. ಮುಂಭಾಗದ ಅತಿ ತಗ್ಗಿನ ಜಾಗಕ್ಕೂ ನೆಲಕ್ಕೂ ಇರುವ ಅಂತರ ಟೈರ್ ಕೊಟ್ಟಷ್ಟೇ. ಬಂಪರ್ ಮೇಲೆ ಹೋಗಿರುವುದರಿಂದ ಕಡಿದಾದ ದಿಣ್ಣೆ ಹತ್ತುವಾಗ ಮೂತಿ ತಾಗುವುದಿಲ್ಲ, ಅದು ನಿಜವಾದ ಲಾಭ. ಉಳಿದದ್ದು ದೊಡ್ಡ ಟೈರಿಗೆ ಜಾಗ.

ಈ ಕೆಲಸಕ್ಕೆ ಹಲವು ಮಾದರಿಗಳಲ್ಲಿ ಕಂಪನಿಯ ಅಡ್ಡಪಟ್ಟಿಯನ್ನು ಕತ್ತರಿಸಲೇಬೇಕು. ಕತ್ತರಿಸಿದ ಮೇಲೆ ಗಾಡಿಯನ್ನು ಮೊದಲಿನ ಸ್ಥಿತಿಗೆ ತರುವುದು ಸುಲಭ ಅಲ್ಲ. ಸ್ಪೇಸರ್‌ನಂತೆ ಶನಿವಾರ ಹಾಕಿ ಭಾನುವಾರ ತೆಗೆಯುವ ಮಾತಲ್ಲ ಇದು.

ಹಾಗಾದರೆ ಟೈರ್ ಎಷ್ಟು ಕೊಡುತ್ತದೆ? ಎಫ್-150ಯಲ್ಲಿ ಸಾಮಾನ್ಯವಾಗಿ ಕಾಣುವ 275/65ಆರ್18 ಟೈರಿನ ವ್ಯಾಸ ಸುಮಾರು 32 ಇಂಚು. 275/70ಆರ್18 ಹಾಕಿದರೆ 33 ಇಂಚು. ಗುಂಡು ಮೇಲೆ ಹೋಗುವುದು ಅರ್ಧ ಇಂಚು ಚಿಲ್ಲರೆ. ಇದಕ್ಕೆ ಎಷ್ಟೋ ಗಾಡಿಗಳಲ್ಲಿ ಲೆವೆಲಿಂಗ್ ಕಿಟ್ ಸಾಕು. 35 ಇಂಚಿನ ಟೈರ್ ಹಾಕಿದರೆ ಸುಮಾರು ಒಂದೂವರೆ ಇಂಚು ಸಿಗುತ್ತದೆ, ಅದಕ್ಕೆ ಸಾಮಾನ್ಯವಾಗಿ ನಾಲ್ಕು ಇಂಚಿನ ಮೇಲಿನ ಲಿಫ್ಟ್ ಬೇಕು. ಜತೆಗೆ ಸ್ಪೀಡೋಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ. 32ರಿಂದ 35ಕ್ಕೆ ಹೋದಾಗ ಮುಳ್ಳು 60 ತೋರಿಸುವಾಗ ನೀವು 65ರಲ್ಲಿ ಹೋಗುತ್ತಿರುತ್ತೀರಿ. ಪೊಲೀಸರ ರಾಡಾರ್‌ಗೆ ನಿಮ್ಮ ಟೈರ್ ಗೊತ್ತಿಲ್ಲ. ಇದನ್ನು ಕಂಪ್ಯೂಟರ್‌ನಲ್ಲಿ ಸರಿಮಾಡಿಸಬಹುದು. ಸರಿಮಾಡಲು ಆಗದ್ದು ಟೈರಿನ ತೂಕ. ಭಾರದ ಟೈರ್ ಉರುಳಿಸಲು ಎಂಜಿನ್‌ಗೆ ಕಷ್ಟ, ನಿಲ್ಲಿಸಲು ಬ್ರೇಕ್‌ಗೆ ಕಷ್ಟ, ಎರಡಕ್ಕೂ ಪೆಟ್ರೋಲ್ ಬಿಲ್ಲಿನಲ್ಲಿ ಲೆಕ್ಕ ಸಿಗುತ್ತದೆ. 35 ಹಾಕಿದವರು ಎಷ್ಟೋ ಜನ ಆಮೇಲೆ ಆಕ್ಸಲ್ ಗೇರ್ ಅನುಪಾತವನ್ನೂ ಬದಲಿಸಬೇಕಾಗುತ್ತದೆ.

ಎತ್ತರದ ಗಾಡಿ ಉರುಳುವ ಭಯವೂ ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಉರುಳುವ ಅಪಾಯ ಅಳೆಯಲು ಬಳಸುವ ಮುಖ್ಯ ಲೆಕ್ಕ ಸುಲಭದ್ದು. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಗಾಡಿ ಎತ್ತಿದರೆ ಕೆಳಗಿನ ಸಂಖ್ಯೆ ದೊಡ್ಡದಾಗುತ್ತದೆ, ಫಲ ಸಣ್ಣದಾಗುತ್ತದೆ. 2012ರ ಮಾದರಿಯಿಂದ ಅಲ್ಲಿನ ಎಲ್ಲ ಪಿಕಪ್‌ಗಳಲ್ಲೂ, ಅತಿ ಭಾರದವು ಬಿಟ್ಟರೆ, ಗಾಡಿ ಹಿಡಿತ ತಪ್ಪದಂತೆ ತಾನೇ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಅದು ಲೆಕ್ಕ ಹಾಕುವುದು ಕಾರ್ಖಾನೆಯ ಎತ್ತರವನ್ನು ನಂಬಿಕೊಂಡು.

ಹಿಂಭಾಗ, ಟ್ರೇಲರ್

ಹಿಂಭಾಗ ಎತ್ತುವುದು ಸುಲಭ. ನಮ್ಮ ಲಾರಿಗಳಲ್ಲಿ ಕಾಣುವ ಪಟ್ಟಿ ಸ್ಪ್ರಿಂಗೇ ಎಫ್-150, ಸಿಲ್ವರಾಡೊಗಳಲ್ಲೂ ಇರುವುದು. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಬ್ಲಾಕ್ ಇಡಬಹುದು, ಇಲ್ಲಾ ಒಂದು ಪಟ್ಟಿ ಹೆಚ್ಚಿಗೆ ಸೇರಿಸಬಹುದು, ಇಲ್ಲಾ ಪೂರ್ತಿ ಸೆಟ್ಟೇ ಬದಲಿಸಬಹುದು. ಬ್ಲಾಕ್ ಅಗ್ಗ. ಆದರೆ ಎತ್ತರದ ಬ್ಲಾಕ್ ಇಟ್ಟರೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಪಟ್ಟಿ ಎಸ್ ಆಕಾರಕ್ಕೆ ಬಾಗುತ್ತದೆ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸಲೇಬಾರದು, ಮುಂದಿನ ಆಕ್ಸಲ್‌ಗಂತೂ ಬ್ಲಾಕ್ ಇಡಲೇಬಾರದು. ರಾಮ್ 1500 ಹಿಂಭಾಗದಲ್ಲಿ 2009ರಿಂದ, ಟೊಯೊಟಾ ಟಂಡ್ರಾದಲ್ಲಿ 2022ರಿಂದ ಸುರುಳಿ ಸ್ಪ್ರಿಂಗ್ ಬಂದಿದೆ. ಅವಕ್ಕೆ ಬೇರೆ ಸ್ಪೇಸರ್ ಅಥವಾ ಉದ್ದದ ಸ್ಪ್ರಿಂಗ್.

ಟ್ರೇಲರ್ ಎಳೆಯುವವರಿಗೆ ನನ್ನ ಸಲಹೆ ಬೇರೆ: ರೇಕನ್ನು ಪೂರ್ತಿ ತೆಗೆಯಬೇಡಿ. ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಗಾಡಿಯ ಕೊಕ್ಕೆ ಮೇಲೆ ಕೂರಬೇಕು ಅನ್ನುವುದು ಅಲ್ಲಿನ ರೂಢಿಯ ಲೆಕ್ಕ. 6,000 ಪೌಂಡ್ ಟ್ರೇಲರ್ ಅಂದರೆ 600ರಿಂದ 900 ಪೌಂಡ್ ಹಿಂದಿನ ಚಕ್ರದಾಚೆ ಕೂತಿತು. ಹಿಂಭಾಗ ಕುಸಿಯುತ್ತದೆ, ಮೂತಿ ಏಳುತ್ತದೆ, ಮುಂದಿನ ಚಕ್ರದ ಹಿಡಿತ ಕಮ್ಮಿ ಆಗುತ್ತದೆ. ಖಾಲಿ ಇದ್ದಾಗ ಪೂರ್ತಿ ಸಮ ಇದ್ದ ಗಾಡಿ ಈಗ ಹಿಂದಕ್ಕೆ ಕೂತಂತೆ ಕಾಣುತ್ತದೆ. ಇಂಥವರು ಮುಂಭಾಗ ಒಂದಿಂಚು ಎತ್ತಿ, ಅರ್ಧದಿಂದ ಒಂದಿಂಚು ರೇಕ್ ಬಿಟ್ಟುಕೊಂಡರೆ ಕಣ್ಣಿಗೂ ಚೆಂದ, ಕೆಲಸಕ್ಕೂ ಸೈ. ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬುವ ಚೀಲ (ಇದಕ್ಕೂ ಏರ್‌ಬ್ಯಾಗ್ ಅಂತಲೇ ಹೆಸರು) ಹಾಕಿದರೆ ಕುಸಿತ ನಿಲ್ಲುತ್ತದೆ. ಆದರೆ ಅದರಿಂದ ಹೊರುವ ಮಿತಿ ಹೆಚ್ಚುವುದಿಲ್ಲ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿರುವ ಸಂಖ್ಯೆ ಯಾವ ಕಿಟ್ ಹಾಕಿದರೂ ಅದೇ. ದೊಡ್ಡ ಟೈರು, ಉಕ್ಕಿನ ಬ್ರಾಕೆಟ್ಟುಗಳ ತೂಕವೂ ಆ ಸಂಖ್ಯೆಯಿಂದಲೇ ಕಳೆಯಬೇಕು.

ಹೆವಿ ಡ್ಯೂಟಿ ಗಾಡಿಗಳ ಕಥೆ ಬೇರೆ. ಸಿಲ್ವರಾಡೊ 2500 ಎಚ್‌ಡಿಯಲ್ಲಿ ಮುಂದೆ ಸುರುಳಿಯ ಬದಲು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಅಂದರೆ ಟಾರ್ಷನ್ ಬಾರ್ ಇರುತ್ತದೆ, ಅದನ್ನು ಹಿಡಿದಿರುವ ‘ಕೀ’ ಅನ್ನುವ ತುಂಡು ಬದಲಿಸಿ ಎತ್ತರಿಸುತ್ತಾರೆ. ಎಫ್-250, ರಾಮ್ 2500ನ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿ ಮುಂದೆಯೂ ಗಟ್ಟಿ ಆಕ್ಸಲ್. ಅಲ್ಲಿ ಎತ್ತಿದಾಗ, ಆಕ್ಸಲ್ಲನ್ನು ಅಡ್ಡಡ್ಡ ಚಾಸಿಗೆ ಹಿಡಿದಿಡುವ ಟ್ರ್ಯಾಕ್ ಬಾರ್ ಅನ್ನುವ ಸರಳು ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಅದನ್ನು ಸರಿಮಾಡದೆ ಬಿಡಬಾರದು. ಕೀಲುಗಳೊಳಗಿನ ರಬ್ಬರ್ ಬುಷ್ ಸವೆದಿದ್ದರೆ ಒಂದು ಗುಂಡಿಗೆ ಬಿದ್ದೊಡನೆ ಇಡೀ ಸ್ಟೇರಿಂಗ್ ಗಡಗಡ ನಡುಗಲು ಶುರುವಾಗಿ, ವೇಗ ಇಳಿಸುವವರೆಗೂ ನಿಲ್ಲುವುದಿಲ್ಲ.

ಕಾನೂನು ಅಲ್ಲಿ, ಕಾನೂನು ಇಲ್ಲಿ

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಬಹಳ ಕಡೆ ಗಾಡಿಯ ತೂಕದ ವರ್ಗಕ್ಕೆ ತಕ್ಕಂತೆ ಬಂಪರ್ ಎಷ್ಟು ಎತ್ತರ ಇರಬಹುದು ಅಂತ ಮಿತಿ ಇದೆ. ಲೆವೆಲಿಂಗ್ ಕಿಟ್ ಸಾಮಾನ್ಯವಾಗಿ ಆ ಮಿತಿಯ ಹತ್ತಿರವೂ ಹೋಗುವುದಿಲ್ಲ. ಮುಂಭಾಗ ಆಕಾಶಕ್ಕೆತ್ತಿ ಹಿಂಭಾಗ ನೆಲಕ್ಕೆ ಕೂರಿಸುವ ‘ಕ್ಯಾರೊಲಿನಾ ಸ್ಕ್ವಾಟ್’ ಅನ್ನುವ ಹುಚ್ಚು ಒಂದಿತ್ತು. ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕಿಂತ ಜಾಸ್ತಿ ಎತ್ತರ ಆಗುವಂತೆ ಮಾರ್ಪಡಿಸುವುದನ್ನು ನಾರ್ತ್ ಕ್ಯಾರೊಲಿನಾ 2021ರ ಡಿಸೆಂಬರ್‌ನಿಂದ ನಿಷೇಧಿಸಿತು. ವರ್ಜೀನಿಯಾ, ಸೌತ್ ಕ್ಯಾರೊಲಿನಾ ಆಮೇಲೆ ಅದೇ ದಾರಿ ಹಿಡಿದವು.

ವಾರಂಟಿ ಬಗ್ಗೆ ಹೇಳುವುದಾದರೆ, 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಪ್ರಕಾರ ಹೊರಗಿನ ಬಿಡಿಭಾಗ ಹಾಕಿದ ಒಂದೇ ಕಾರಣಕ್ಕೆ ಕಂಪನಿ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿತು ಅಂತ ತೋರಿಸಬೇಕು. ಸ್ಪೇಸರ್ ಹಾಕಿದ ಗಾಡಿಯ ಎಸಿ ಕೆಟ್ಟರೆ ವಾರಂಟಿ ಸಿಗಬೇಕು. ಸಿವಿ ಶಾಫ್ಟ್ ಮುರಿದರೆ ಮಾತ್ರ ಡೀಲರ್ ನಿಮ್ಮ ಸ್ಪೇಸರ್ ಕಡೆ ಬೆರಳು ತೋರಿಸುತ್ತಾನೆ, ಅದರಲ್ಲಿ ಅರ್ಥವೂ ಇದೆ.

ಭಾರತದಲ್ಲಿ ಕಥೆಯೇ ಬೇರೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಇಲ್ಲಿಗೆ 2022ರಲ್ಲಿ ಬಂತು, ಇಸುಝು ವಿ-ಕ್ರಾಸ್ 2016ರಿಂದಲೇ ಇದೆ. ಎರಡಕ್ಕೂ ಮುಂದೆ ಎರಡು ಆರ್ಮ್‌ಗಳ ಸುರುಳಿ ಸ್ಪ್ರಿಂಗ್, ಹಿಂದೆ ಪಟ್ಟಿ. ಮೇಲೆ ಹೇಳಿದ ಕೋನಗಳ ಲೆಕ್ಕ ಎಲ್ಲ ಇವಕ್ಕೂ ಹೊಂದುತ್ತದೆ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್ ಕಂಪನಿಗಳು ಇವುಗಳಿಗೆ ಸ್ಪ್ರಿಂಗ್, ಶಾಕ್ ಸೇರಿದ ಪೂರ್ತಿ ಸೆಟ್ ಮಾಡುತ್ತವೆ. ಆದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಮಾರ್ಪಾಡಿಗೆ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಕೊಡಗು, ಮಲೆನಾಡಿನ ತೋಟದ ದಾರಿಗೆ ಹೈಲಕ್ಸ್ ಇಟ್ಟುಕೊಂಡವರು ಕಿಟ್ ನೋಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆ ಕಂಪನಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಅಪಘಾತ ಆದಾಗ ಮೊದಲು ಹುಡುಕುವುದು ಇಂಥ ಬದಲಾವಣೆಯನ್ನೇ. ಗಟ್ಟಿ ಪಕ್ಕೆಯ ಆಲ್-ಟೆರೇನ್ ಟೈರನ್ನು ಕಂಪನಿ ಹೇಳಿದ ಅಳತೆಯಲ್ಲೇ ಹಾಕಿದರೆ ಆ ದಾರಿಗೆ ಬೇಕಾದ ಹಿಡಿತದ ಬಹುಪಾಲು ಸಿಕ್ಕಿಬಿಡುತ್ತದೆ.

ಅಳತೆ, ಕೂರಿಸುವುದು

ಕಿಟ್ ಕೊಳ್ಳುವ ಮೊದಲು ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಅಳೆಯಿರಿ. ಮಡ್‌ಗಾರ್ಡ್ ಅಂಚಿನಿಂದ ಅಳೆಯುವವರೇ ಜಾಸ್ತಿ, ಆದರೆ ಮುಂದಿನ ಕಮಾನು ಹಿಂದಿನ ಕಮಾನು ಒಂದೇ ಎತ್ತರಕ್ಕೆ ಕತ್ತರಿಸಿರುವುದಿಲ್ಲ. ಬಾಗಿಲ ಕೆಳಗಿನ ಅಂಚು ಮುಂದೆ ಎಷ್ಟು ಎತ್ತರ, ಹಿಂದೆ ಎಷ್ಟು ಎತ್ತರ ಅಂತ ನೋಡಿದರೆ ನಿಜವಾದ ಓರೆ ಸಿಗುತ್ತದೆ. ಎತ್ತಿದ ಮೇಲೆ ಹೋಲಿಸಲು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಟೈರ್ ಬದಲಾದರೂ ಆ ಅಳತೆ ಕೆಡುವುದಿಲ್ಲ. ಟಕೋಮಾದಂಥ ಗಾಡಿಗಳು ಡ್ರೈವರ್ ಕಡೆ ಕಾಲಿಂಚು ತಗ್ಗಿರುವುದು ಹೊಸತಲ್ಲ, ಅದಕ್ಕೆಂದೇ ಒಂದು ಕಡೆಗೆ ತೆಳು ಸ್ಪೇಸರ್ ಸಿಗುತ್ತದೆ.

ಮನೆಯಲ್ಲೇ ಹಾಕುವ ಆಸೆ ಇದ್ದರೆ ತಲೆ ಮೇಲಿನ ಸ್ಪೇಸರ್‌ವರೆಗೆ ಪರವಾಗಿಲ್ಲ. ಸ್ಪ್ರಿಂಗ್ ಬಿಚ್ಚುವ ಕೆಲಸ ಮಾತ್ರ ಅಂಗಡಿಗೇ ಬಿಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಅಲ್ಲ, ಪ್ರಾಣವೇ ಹೋಗಬಹುದು. ಇನ್ನು ಬಹಳ ಮೆಕ್ಯಾನಿಕ್‌ಗಳೂ ಅವಸರದಲ್ಲಿ ಬಿಡುವ ಒಂದು ಕೆಲಸ ಇದೆ. ಕಂಟ್ರೋಲ್ ಆರ್ಮ್‌ನ ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಒಳಗಿನ ರಬ್ಬರ್ ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದಾಗ ರಬ್ಬರ್ ತಿರುಚಿ, ದಿನವಿಡೀ ತಿರುಚಿಕೊಂಡೇ ಇದ್ದು, ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿ ಅಳೆದು ಕೊಡುವ ಟಾರ್ಕ್ ಸ್ಪ್ಯಾನರ್‌ನಿಂದ ಕೊನೆಯ ಬಿಗಿ ಕೊಡಬೇಕು. ಕಿಟ್ ಹಾಕಿಸುವಾಗ ಹತ್ತಿರ ನಿಂತು ಇದೊಂದನ್ನು ನೋಡಿದರೆ ಸಾಕು, ಆ ಅಂಗಡಿಯವರ ಕೆಲಸ ಹೇಗೆ ಅಂತ ಗೊತ್ತಾಗುತ್ತದೆ.

ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟ್. 500 ಮೈಲಿ ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿ ನೋಡಿ, ಬರೆದಿಟ್ಟ ನಾಲ್ಕು ಅಳತೆಗಳ ಜತೆ ಹೋಲಿಸಿ. ಒಂದು ಮೂಲೆ ಎತ್ತಿದ ಲೆಕ್ಕಕ್ಕಿಂತ ಅರ್ಧ ಇಂಚು ತಗ್ಗಿದ್ದರೆ ಏನೋ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅದೇ ದಿನ ಅಂಗಡಿಗೆ ವಾಪಸ್ ಒಯ್ಯಿರಿ.